ಅಳೆದು ಅರಿತ ಮಹನೀಯ: ಹೈಕೆ ಕಾಮರ್ಲಿಂಗ್ ಓನ್ನೆಸ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನನ್ನಿಂದಲೂ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಕೇಳಿದರು. ಶಾಲೆಯ ಹಳೆಯ ನೆನಪುಗಳನ್ನು ಬರೆಯುವೆನೆಂದು ಅವರು ಎಣಿಸಿರಬೇಕು. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲ ಸಹೋದ್ಯೋಗಿಗಳಿದ್ದಾರೆ. ನಾನಾದರೋ ನಮ್ಮ ಅಕ್ಕಲಕೋಟವನ್ನು ಎಂದೂ ಕಾಣದ, 1926ರಲ್ಲಿಯೇ ಕಾಲವಾದ, ಹಾಲೆಂಡ್ ದೇಶದ ಒಬ್ಬ ಪ್ರಾಧ್ಯಾಪಕರ ಜೀವನವನ್ನು ಇಲ್ಲಿ ಹೇಳಲು ಹೊರಟಿದ್ದೇನೆ. ಇದಕ್ಕೆ ಕಾರಣನಾದವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ.

ಕೆಲವು ವರ್ಷಗಳ ಹಿಂದೆ ದೀಪಾವಳಿಯ ರಜೆಯಲ್ಲಿ ಅವನು ನನ್ನನ್ನು ಕಾಣಲು ಮನೆಗೆ ಬಂದಿದ್ದ. ಆಗ ಅವನು ಸಂಶೋಧನ ಪದವಿಗಾಗಿ ಅಭ್ಯಾಸ ಮಾಡುತ್ತಿದ್ದ. ವಿಷಯವೇನೆಂದು ಕೇಳಿದೆ. ಕೋಬಾಲ್ಟ್ ಬೆರೆತ, ಪದರು ಪದರಾಗಿರುವ ತಾಮ್ರದ ಆಕ್ಸೈಡುಗಳ ಕಾಂತಗುಣ ಮತ್ತು ವಿದ್ಯುದ್ಗುಣಗಳು ಎಂದ. ನಾನು ಕನ್ನಡ ಮಾಧ್ಯಮದ ಮೆಟ್ರಿಕ್ ಆದವನು. ವಿಜ್ಞಾನವನ್ನು ಕಲಿಸುತ್ತಲೇ ಕಲಿತವನು. ನನಗೆ ಏನೂ ತಿಳಿಯಲಿಲ್ಲವೆಂದು ಒಪ್ಪಿಕೊಂಡೆ. ಅವನು ಮಂಚದ ಮೇಲಿದ್ದ ಸೋಲಾಪುರದ ಚಾದರವನ್ನು ಎಳೆದುಕೊಂಡು ನನಗೇ ಪಾಠ ಹೇಳಿದ.

ಚಾದರದಲ್ಲಿ ಹಾಸು ಹೊಕ್ಕುಗಳು ಕೂಡುವಲ್ಲೆಲ್ಲ ಒಂದೊಂದು ತಾಮ್ರದ ಪರಮಾಣು ಇದೆಯೆಂದೂ, ಎರಡು ಕೂಡುಗಳ ನಡುವಿನ ಎಳೆಯಲ್ಲಿ ಒಂದೊಂದು ಆಕ್ಸಿಜನ್ ಪರಮಾಣು ಇದೆಯೆಂದೂ ಭಾವಿಸಬೇಕು. ಇಂಥ ಚಾದರಗಳನ್ನು ಒಂದರ ಮೇಲೊಂದು ಹಾಸಿ, ನಡುನಡುವೆ ಲ್ಯಾಂಥನಮ್, ಬೇರಿಯಂ, ಯಿಟ್ರಿಯಂ ಮುಂತಾದ ಬೇರೆ ಧಾತುಗಳ ಹಾಳೆಗಳನ್ನು ಇಟ್ಟರೆ ಆ ಆಕ್ಸೈಡಿನ ರಚನೆ ಕಣ್ಣ ಮುಂದೆ ಬರುತ್ತದೆ. ತಕ್ಕ ಹದದಲ್ಲಿ ಮಾಡಿದ ಇಂಥ ವಸ್ತುವನ್ನು ಚೆನ್ನಾಗಿ ತಣಿಸಿದರೆ ಅದು ವಿದ್ಯುತ್ತನ್ನು ಯಾವ ರೋಧವೂ ಇಲ್ಲದೆ ಹರಿಯಗೊಡುತ್ತದೆ. ಇದಕ್ಕೆ ಅತಿವಾಹಕತೆಯೆಂದು ಹೆಸರು. ಈ ನೇಯ್ಗೆಯಲ್ಲಿ ಅಲ್ಲಲ್ಲಿ ತಾಮ್ರವನ್ನು ತೆಗೆದು ಕೋಬಾಲ್ಟನ್ನು ಇಟ್ಟರೆ ಏನಾಗುವುದೆಂದು ಅಳೆಯುವುದು ಅವನ ಕೆಲಸವಾಗಿತ್ತು. ಅತಿವಾಹಕತೆ ಕುಗ್ಗುತ್ತ ಹೋಗಿ ಕೊನೆಗೆ ಇಲ್ಲವಾಗುತ್ತದೆ ಎಂಬುದೇ ಅವನು ಕಂಡ ಫಲ. ಇದ್ದ ಒಳ್ಳೆಯ ಗುಣವನ್ನು ಕೆಡಿಸುವುದರಲ್ಲಿ ಮೂರು ವರ್ಷ ಕಳೆದೆನಲ್ಲಾ, ಇದನ್ನು ಬಿಟ್ಟು ಊರಿಗೆ ಬರಲೇ ಎಂದು ಅವನು ನನ್ನನ್ನು ಕೇಳಿದ. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಈ ವಿದ್ಯೆಯ ಮೂಲಪುರುಷ ಯಾರೆಂದು ಹುಡುಕುತ್ತ ಹೋದಾಗ ನನಗೆ ದೊರೆತವರು ಹೈಕೆ ಕಾಮರ್ಲಿಂಗ್ ಓನ್ನೆಸ್. ಅವರ ಬಾಳಿನಲ್ಲಿ ಉತ್ತರವೂ ಇತ್ತು.

ಓನ್ನೆಸ್ ಅವರು ಹುಟ್ಟಿದ್ದು 1853ನೆಯ ಇಸವಿ ಸೆಪ್ಟೆಂಬರ್ 21ರಂದು, ಹಾಲೆಂಡಿನ ಉತ್ತರ ಭಾಗದ ಗ್ರೋನಿಂಗನ್ ಪಟ್ಟಣದಲ್ಲಿ. ತಂದೆಯವರದು ಹಂಚು, ಇಟ್ಟಿಗೆ ಸುಡುವ ಕಾರಖಾನೆ. ತಾಯಿ ಒಬ್ಬ ವಾಸ್ತುಶಿಲ್ಪಿಯ ಮಗಳು. ಮನೆಯಲ್ಲಿ ಶಿಸ್ತೂ ಇತ್ತು, ಕಲೆಯ ಅಭಿರುಚಿಯೂ ಇತ್ತು. ತಮ್ಮ ಮೆನ್ಸೊ ಮುಂದೆ ಹೆಸರಾಂತ ಚಿತ್ರಕಾರರಾದರು. ಭಟ್ಟಿಯ ಉರಿಯ ಪಕ್ಕದಲ್ಲಿ ಬೆಳೆದ ಹುಡುಗ ಜಗತ್ತಿನಲ್ಲಿಯೇ ಅತ್ಯಂತ ತಣ್ಣನೆಯ ಸ್ಥಳವನ್ನು ನಿರ್ಮಿಸಿದ್ದು ಒಂದು ವಿನೋದವೇ ಸರಿ.

1870ರಲ್ಲಿ ಅವರು ಊರಿನ ವಿಶ್ವವಿದ್ಯಾಲಯವನ್ನು ಸೇರಿದರು. ಮರುವರ್ಷವೇ ಆವಿಗಳ ಸಾಂದ್ರತೆಯನ್ನು ಕುರಿತ ಪ್ರಬಂಧಕ್ಕೆ ಬಂಗಾರದ ಪದಕ ಪಡೆದರು. ಅಲ್ಲಿಂದ ಜರ್ಮನಿಯ ಹೈಡೆಲ್‌ಬರ್ಗಿಗೆ ಹೋಗಿ ಬುನ್ಸೆನ್ ಮತ್ತು ಕಿರ್ಕಾಫ್ ಅವರ ಬಳಿ ಕಲಿತರು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ನೀವೆಲ್ಲ ಉರಿಸಿದ ಬುನ್ಸೆನ್ ದೀಪಕ್ಕೆ ಹೆಸರು ಕೊಟ್ಟವರೇ ಈ ಬುನ್ಸೆನ್. ವಿದ್ಯುನ್ಮಂಡಲದ ನಿಯಮಗಳಲ್ಲಿ ನೀವು ಬಾಯಿಪಾಠ ಮಾಡಿದ ಹೆಸರೇ ಆ ಕಿರ್ಕಾಫ್. 1879ರಲ್ಲಿ ಓನ್ನೆಸ್ ಅವರಿಗೆ ಡಾಕ್ಟರೇಟ್ ದೊರೆಯಿತು. ತೂಗಾಡುವ ಲೋಲಕದಿಂದ ಭೂಮಿಯ ತಿರುಗುವಿಕೆಯನ್ನು ಸಿದ್ಧಪಡಿಸುವ ಹೊಸ ರೀತಿ ಆ ಪ್ರಬಂಧದ ವಿಷಯ.

1882ರಲ್ಲಿ, ತಮ್ಮ 29ನೆಯ ವಯಸ್ಸಿನಲ್ಲಿ, ಅವರು ಲೈಡನ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಪದವಿಯನ್ನು ಸ್ವೀಕರಿಸಿದ ದಿನದ ಉಪನ್ಯಾಸದಲ್ಲಿ ತಮ್ಮ ಜೀವನದ ಸೂತ್ರವನ್ನು ಸಾರಿದರು. ಅಳತೆಯ ದಾರಿಯಿಂದಲೇ ಅರಿವು ಬರುತ್ತದೆ, ಪ್ರತಿಯೊಂದು ಪ್ರಯೋಗಾಲಯದ ಬಾಗಿಲ ಮೇಲೂ ಈ ಮಾತನ್ನು ಬರೆಯಿಸಬೇಕು ಎಂಬುದು ಅದರ ತಾತ್ಪರ್ಯ. ಮುಂದಿನ ನಲವತ್ತು ವರ್ಷ ಅವರು ಈ ಸೂತ್ರವನ್ನು ಬಿಡಲಿಲ್ಲ.

ಅವರಿಗೆ ತಂಪಿನ ಗೀಳು ಹತ್ತಿದ್ದೇಕೆ ಎಂಬುದನ್ನು ಸ್ವಲ್ಪ ಹೇಳಬೇಕು. ಅವರ ದೇಶದವರೇ ಆದ ವಾನ್ ಡರ್ ವಾಲ್ಸ್ ಎಂಬ ಮಹಾನುಭಾವರು ಅನಿಲಗಳು ಹೇಗೆ ದ್ರವವಾಗುತ್ತವೆ ಎಂಬುದರ ಸಿದ್ಧಾಂತವನ್ನು ರಚಿಸಿದ್ದರು. ಈ ವಾನ್ ಡರ್ ವಾಲ್ಸ್ ಅವರೂ ನಮ್ಮಂತೆ ಶಾಲಾ ಮಾಸ್ತರರಾಗಿದ್ದವರು, ಪ್ರೌಢಶಾಲೆಯ ಮುಖ್ಯಾಧ್ಯಾಪಕರೂ ಆಗಿದ್ದವರು ಎಂದು ಹೇಳಲು ನನಗೆ ಹೆಮ್ಮೆಯೆನಿಸುತ್ತದೆ. ಅವರ ಸಿದ್ಧಾಂತ ಎಲ್ಲ ಅನಿಲಗಳಿಗೂ ಸಲ್ಲುವುದೇ ಎಂದು ನೋಡಬೇಕಾದರೆ ಸುಲಭವಾಗಿ ದ್ರವವಾಗದ ಅನಿಲಗಳನ್ನು ಅತಿ ಶೈತ್ಯದಲ್ಲಿ ಅಳೆಯಬೇಕಾಗಿತ್ತು. ಹೀಗೆ ಅಳತೆಗಾಗಿ ತಂಪು ಬೇಕಾಯಿತು. ತಂಪಿಗಾಗಿ ಯಂತ್ರಗಳು ಬೇಕಾದವು. ಯಂತ್ರಗಳಿಗಾಗಿ ಕೈಕಸುಬು ಬಲ್ಲವರು ಬೇಕಾದರು.

ನನ್ನ ದೃಷ್ಟಿಯಲ್ಲಿ ಓನ್ನೆಸ್ ಅವರ ಹಿರಿಮೆ ಇರುವುದು ಇಲ್ಲಿಯೇ. ಆ ಕಾಲದ ವಿಜ್ಞಾನಿಗಳಲ್ಲಿ ಹೆಚ್ಚಿನವರು ಒಬ್ಬಿಬ್ಬರು ಸಹಾಯಕರೊಡನೆ ಸಣ್ಣ ಕೋಣೆಯಲ್ಲಿ ದುಡಿಯುತ್ತಿದ್ದರು. ಓನ್ನೆಸ್ ಅವರು ಪ್ರಯೋಗಾಲಯವನ್ನು ಒಂದು ಕಾರಖಾನೆಯಂತೆ ಕಟ್ಟಿದರು. ಪಂಪುಗಳು, ಒತ್ತಡದ ಯಂತ್ರಗಳು, ಗಾಜಿನ ಕುಲುಮೆ, ಲೋಹದ ಕಾರ್ಯಾಗಾರ ಎಲ್ಲವೂ ಒಂದೇ ಸೂರಿನ ಕೆಳಗೆ ಬಂದವು. 1894ರ ವೇಳೆಗೆ ಆಕ್ಸಿಜನ್ನನ್ನೂ ಗಾಳಿಯನ್ನೂ ಬೇಕಾದಷ್ಟು ಪ್ರಮಾಣದಲ್ಲಿ ದ್ರವ ಮಾಡುವ ವ್ಯವಸ್ಥೆ ಸಿದ್ಧವಾಯಿತು. 1901ರಲ್ಲಿ ಉಪಕರಣ ತಯಾರಕರಿಗಾಗಿ ಒಂದು ಶಾಲೆಯನ್ನೇ ತೆರೆದರು. ಊರಿನ ಬಡ ಮನೆಗಳ ಹುಡುಗರು ಅಲ್ಲಿ ಗಾಜು ಊದುವುದನ್ನೂ, ಲೋಹವನ್ನು ಕಡೆದು ಬೆಸೆಯುವುದನ್ನೂ ಕಲಿತರು. ಅವರು ನೀಲಿ ಅಂಗಿ ತೊಡುತ್ತಿದ್ದುದರಿಂದ ನೀಲಿ ಹುಡುಗರೆಂದೇ ಕರೆಯಲ್ಪಟ್ಟರು. ಗಾಜಿನ ಕೆಲಸಕ್ಕೆ ಕೆಸ್ಸೆಲ್‌ರಿಂಗ್, ಯಂತ್ರಗಳಿಗೆ ಫ್ಲಿಮ್ ಎಂಬ ಇಬ್ಬರು ನಿಪುಣರು ಅವರ ಬಲಗೈ ಎಡಗೈಗಳಂತಿದ್ದರು. ನೂರು ವರ್ಷ ದಾಟಿದ ಆ ಶಾಲೆ ಲೈಡನ್ನಿನಲ್ಲಿ ಇಂದಿಗೂ ನಡೆಯುತ್ತಿದೆ.

ಅಡ್ಡಿಗಳೂ ಬಂದವು. 1807ರಲ್ಲಿ ಲೈಡನ್ ಪಟ್ಟಣದ ನಡುವಿನ ಕಾಲುವೆಯಲ್ಲಿ ಮದ್ದುಗುಂಡಿನ ಹಡಗೊಂದು ಸಿಡಿದು ನೂರೈವತ್ತರಷ್ಟು ಜನ ಸತ್ತಿದ್ದರು. ಆಗ ಪಾಳುಬಿದ್ದ ಜಾಗದಲ್ಲಿಯೇ ಈ ಪ್ರಯೋಗಾಲಯ ನಿಂತಿತ್ತು. ಒತ್ತಿ ತುಂಬಿದ ಅನಿಲದ ಸಿಲಿಂಡರುಗಳು ಇಲ್ಲಿವೆಯೆಂದು ತಿಳಿದಾಗ ಊರವರಿಗೆ ಹಳೆಯ ಭಯ ಮರುಕಳಿಸಿತು. 1895ರಲ್ಲಿ ಕೆಲಸ ನಿಲ್ಲಿಸಬೇಕಾಯಿತು. ವಿಚಾರಣೆಗಳು ನಡೆದು, ಸಮಿತಿಗಳು ಕುಳಿತು, ಮತ್ತೆ ಪರವಾನಗಿ ದೊರೆಯುವ ಹೊತ್ತಿಗೆ 1898 ಬಂದಿತ್ತು. ಅದೇ ವರ್ಷ ಲಂಡನ್ನಿನ ಜೇಮ್ಸ್ ಡ್ಯೂವರ್ ಅವರು ಹೈಡ್ರೋಜನ್ನನ್ನು ದ್ರವ ಮಾಡಿ ಮುಂದೆ ಹೋಗಿಬಿಟ್ಟರು. ಓನ್ನೆಸ್ ಅವರು ಎದೆಗುಂದಲಿಲ್ಲ. 1906ರಲ್ಲಿ, ಎಂದರೆ ಡ್ಯೂವರ್ ಅವರಿಗಿಂತ ಎಂಟು ವರ್ಷ ತಡವಾಗಿ, ಅವರೂ ಹೈಡ್ರೋಜನ್ನನ್ನು ದ್ರವ ಮಾಡಿದರು. ಆದರೆ ಅವರ ಯಂತ್ರ ಗಂಟೆಗೆ ನಾಲ್ಕು ಲೀಟರ್ ಕೊಡುತ್ತಿತ್ತು. ತಡವಾದರೂ ಗಟ್ಟಿಯಾಗಿ ಕಟ್ಟಿದ್ದರಿಂದಲೇ ಮುಂದಿನ ಮೆಟ್ಟಿಲನ್ನು ಅವರು ಮೊದಲು ಏರಿದರು.

ಆ ಮೆಟ್ಟಿಲು ಹೀಲಿಯಂ. ಇದರ ಕಥೆ ನಮ್ಮ ಸೀಮೆಯನ್ನು ಮುಟ್ಟಿ ಹೋಗುತ್ತದೆ. ಶ್ರೀ ಸ್ವಾಮಿ ಸಮರ್ಥರು ಅಕ್ಕಲಕೋಟದಲ್ಲಿ ಇದ್ದ ಕಾಲದಲ್ಲಿ, 1868ರ ಆಗಸ್ಟ್ 18ರಂದು, ಒಂದು ಖಗ್ರಾಸ ಸೂರ್ಯಗ್ರಹಣ ನಮ್ಮ ದಕ್ಷಿಣಕ್ಕಿರುವ ಜಮಖಂಡಿ, ವಿಜಯಪುರಗಳ ಮೇಲಿಂದ ಹಾಯ್ದು ಗುಂಟೂರಿನ ಕಡೆಗೆ ಹೋಯಿತು. ಜಮಖಂಡಿಯಲ್ಲಿ ಲೆಫ್ಟನೆಂಟ್ ಹರ್ಷಲ್ ಎಂಬವರು, ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್ ಎಂಬವರು, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಅವರು ವರ್ಣಪಟಲದರ್ಶಕಗಳನ್ನು ಹೂಡಿ ಕುಳಿತಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ಹರ್ಷಲ್ ಅವರ ಮೊಮ್ಮಗನೇ ಈ ಲೆಫ್ಟನೆಂಟರು. ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆಯುವ ಗೆರೆಗಳು ಆ ದಿನ ಕಂಡವು. ಅವುಗಳಲ್ಲಿ ಹಳದಿ ಬಣ್ಣದ ಒಂದು ಗೆರೆ ತಿಳಿದಿದ್ದ ಯಾವ ಧಾತುವಿನದೂ ಅಲ್ಲವೆಂಬುದು ಮುಂದೆ ಇಂಗ್ಲೆಂಡಿನ ಲಾಕಿಯರ್ ಅವರ ವೀಕ್ಷಣೆಗಳಿಂದ ಸ್ಪಷ್ಟವಾಯಿತು. ಸೂರ್ಯನ ಗ್ರೀಕ್ ಹೆಸರಿನಿಂದ ಅದನ್ನು ಹೀಲಿಯಂ ಎಂದು ಕರೆದರು. 1895ರಲ್ಲಿ ರಾಮ್ಸೆ ಅವರು ಭೂಮಿಯ ಮೇಲಿನ ಒಂದು ಖನಿಜದಲ್ಲಿಯೂ ಅದನ್ನು ಕಂಡರು.

ಹೀಲಿಯಂ ದ್ರವವಾಗಲು ಎಲ್ಲಕ್ಕಿಂತ ಹೆಚ್ಚು ಹಟ ಮಾಡುವ ಅನಿಲ. ಅದು ದೊರೆಯುವುದೂ ಆಗ ಕಷ್ಟವಾಗಿತ್ತು. ವ್ಯಾಪಾರದ ವ್ಯವಹಾರ ಬಲ್ಲ ಓನ್ನೆಸ್ ಅವರ ಇನ್ನೊಬ್ಬ ತಮ್ಮ ಅಮೆರಿಕೆಯ ಉತ್ತರ ಕೆರೊಲೈನಾದಿಂದ ಮೋನಜೈಟ್ ಮರಳನ್ನು ತರಿಸಿಕೊಟ್ಟರು. ಅದನ್ನು ಕಾಯಿಸಿ, ಹೊರಟ ಅನಿಲವನ್ನು ಶುದ್ಧಿ ಮಾಡಿ, ತಿಂಗಳುಗಟ್ಟಲೆ ದುಡಿದು ಕೂಡಿಸಿದ್ದು ಮುನ್ನೂರ ಅರವತ್ತು ಲೀಟರಿನಷ್ಟು ಹೀಲಿಯಂ ಅನಿಲ. ಒಂದು ಕೊಳವೆ ಒಡೆದರೂ ಅಷ್ಟೆಲ್ಲ ಶ್ರಮ ಗಾಳಿಪಾಲು.

1908ರ ಜುಲೈ 10ರಂದು ಬೆಳಗಿನ ಆರು ಗಂಟೆಗೆ ಮುಂಚೆಯೇ ಕೆಲಸ ಮೊದಲಾಯಿತು. ಹಿಂದಿನ ದಿನವೇ 75 ಲೀಟರ್ ದ್ರವ ಗಾಳಿಯನ್ನು ಸಿದ್ಧಪಡಿಸಿದ್ದರು. ಅದರಿಂದ ಹೈಡ್ರೋಜನ್ನನ್ನು ತಣಿಸಿ ಮಧ್ಯಾಹ್ನದ ಹೊತ್ತಿಗೆ 20 ಲೀಟರ್ ದ್ರವ ಹೈಡ್ರೋಜನ್ ಕೂಡಿಸಿದರು. ಅದರಿಂದ ಹೀಲಿಯಮ್ಮನ್ನು ತಣಿಸತೊಡಗಿದರು. ಸಂಜೆಯಾಯಿತು. ಉಷ್ಣಮಾಪಕ ಇಳಿಯುತ್ತ ಬಂದು ಒಂದೆಡೆ ನಿಂತುಬಿಟ್ಟಿತು. ದ್ರವ ಹೈಡ್ರೋಜನ್ ಮುಗಿಯುತ್ತ ಬಂದಿತ್ತು. ಗಾಜಿನ ಪಾತ್ರೆಯಲ್ಲಿ ಏನೂ ಕಾಣುತ್ತಿರಲಿಲ್ಲ. ನೋಡಲು ಬಂದಿದ್ದ ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರು, ಉಷ್ಣಮಾಪಕ ಹೀಗೆ ನಿಂತಿರಬೇಕಾದರೆ ಅದು ದ್ರವದಲ್ಲಿ ಮುಳುಗಿರಬಾರದೇಕೆ ಎಂದು ಸೂಚಿಸಿದರು. ಪಾತ್ರೆಯ ಕೆಳಗಿನಿಂದ ದೀಪ ಹಿಡಿದರು. ರಾತ್ರಿ ಏಳೂವರೆಯ ಸುಮಾರಿಗೆ ದ್ರವದ ಮೇಲ್ಮೈ ಚಾಕುವಿನ ಅಲಗಿನಂತೆ ತೆಳ್ಳಗೆ ಹೊಳೆಯಿತು. ದೊರೆತದ್ದು 60 ಮಿಲಿಲೀಟರ್, ನಮ್ಮ ಹೋಟೆಲಿನ ಒಂದು ಕಟ್ ಚಹಾದಷ್ಟು. ಅದರ ಉಷ್ಣತೆ ಶೂನ್ಯ ಸೆಲ್ಸಿಯಸ್‌ಗಿಂತ 269 ಡಿಗ್ರಿ ಕೆಳಗೆ. ನಿಸರ್ಗದಲ್ಲಿ ಇನ್ನು ಕೆಳಗೆ ಇಳಿಯಲಾಗದ ತಳ ಇರುವುದು 273 ಡಿಗ್ರಿ ಕೆಳಗೆ. ಅದನ್ನು ಮುಟ್ಟಲು ನಾಲ್ಕೇ ಡಿಗ್ರಿ ಉಳಿದಿತ್ತು. ಮುಂದಿನ ಹದಿನೈದು ವರ್ಷ ಲೈಡನ್ ಬಿಟ್ಟು ಜಗತ್ತಿನ ಬೇರೆಲ್ಲಿಯೂ ದ್ರವ ಹೀಲಿಯಂ ಸಿದ್ಧವಾಗಲಿಲ್ಲ.

ಇಷ್ಟು ತಂಪಿನಲ್ಲಿ ಲೋಹಗಳ ವಿದ್ಯುತ್ ರೋಧ ಏನಾಗುತ್ತದೆ ಎಂಬ ಪ್ರಶ್ನೆ ಆಗ ದೊಡ್ಡ ಚರ್ಚೆಯ ವಿಷಯವಾಗಿತ್ತು. ತಂತಿಯಲ್ಲಿ ವಿದ್ಯುತ್ ಹರಿಯುವಾಗ ಅಡೆತಡೆಯಾಗಿ ಅದು ಬಿಸಿಯಾಗುವುದನ್ನು ಸೋಲಾಪುರದ ಮಗ್ಗಗಳ ಮೋಟಾರು ಮುಟ್ಟಿದವರೆಲ್ಲರೂ ಬಲ್ಲರು. ತಣಿದಂತೆ ಈ ರೋಧ ಮೆಲ್ಲಮೆಲ್ಲನೆ ಇಲ್ಲವಾಗುವುದೆಂದು ಕೆಲವರು ಊಹಿಸಿದ್ದರು. ಒಂದು ಮಟ್ಟಕ್ಕೆ ಬಂದು ನಿಲ್ಲುವುದೆಂದು ಇನ್ನು ಕೆಲವರು. ಲಾರ್ಡ್ ಕೆಲ್ವಿನ್‌ರಂಥ ಹಿರಿಯರು, ವಿದ್ಯುತ್ ಕಣಗಳೇ ಹೆಪ್ಪುಗಟ್ಟಿ ರೋಧ ಮತ್ತೆ ಏರುವುದೆಂದು ಭಾವಿಸಿದ್ದರು. ವಾದದಿಂದ ತೀರುವ ಪ್ರಶ್ನೆ ಇದಾಗಿರಲಿಲ್ಲ, ಅಳೆಯಬೇಕಾಗಿತ್ತು. ಪ್ಲಾಟಿನಂ, ಬಂಗಾರಗಳಲ್ಲಿ ಉಳಿದ ಕಲ್ಮಶವೇ ಅಳತೆಯನ್ನು ಮಬ್ಬುಗೊಳಿಸುತ್ತಿತ್ತು. ಪಾದರಸವನ್ನಾದರೆ ಮತ್ತೆ ಮತ್ತೆ ಬಟ್ಟಿಯಿಳಿಸಿ ಶುದ್ಧ ಮಾಡಬಹುದು. ಆದಕಾರಣ ಓನ್ನೆಸ್ ಅವರು ಪಾದರಸವನ್ನು ಆರಿಸಿಕೊಂಡರು.

1911ರ ಏಪ್ರಿಲ್ 8ರಂದು ಆ ಅಳತೆ ನಡೆಯಿತು. ಫ್ಲಿಮ್ ಯಂತ್ರಗಳನ್ನು ನೋಡಿಕೊಂಡರು. ಡಾರ್ಸ್‌ಮನ್ ಉಷ್ಣತೆಯನ್ನು ಹದದಲ್ಲಿಟ್ಟರು. ಗಿಲೆಸ್ ಹೋಲ್ಸ್ಟ್ ಎಂಬ ತರುಣರು, ಪಂಪುಗಳ ನಡುಕ ತಾಗದಂತೆ ದೂರದ ಬೇರೆ ಕೋಣೆಯಲ್ಲಿ, ಗ್ಯಾಲ್ವನೋಮೀಟರಿನ ಮುಂದೆ ಕುಳಿತು ರೋಧವನ್ನು ಅಳೆದರು. ನಾಲ್ಕು ಗಂಟೆಯ ಹೊತ್ತಿಗೆ ಪಾದರಸದ ರೋಧ ಅಳತೆಗೆ ಸಿಕ್ಕದಷ್ಟಾಯಿತು. ಮುಂದಿನ ತಿಂಗಳುಗಳಲ್ಲಿ ಮತ್ತೆ ಮತ್ತೆ ಅಳೆದು ನೋಡಿದಾಗ ಇನ್ನೂ ಆಶ್ಚರ್ಯದ ಸಂಗತಿ ತಿಳಿಯಿತು. ರೋಧ ಮೆಲ್ಲಗೆ ಇಳಿದು ಇಲ್ಲವಾಗುವುದಲ್ಲ. ನಿರಪೇಕ್ಷ ಶೂನ್ಯಕ್ಕಿಂತ 4.2 ಡಿಗ್ರಿ ಮೇಲಿನ ಒಂದು ಬಿಂದುವಿನಲ್ಲಿ ಬೆಟ್ಟದ ಅಂಚಿನಿಂದ ಬಿದ್ದಂತೆ ಒಮ್ಮೆಲೇ ಬೀಳುತ್ತದೆ. ಚರ್ಚಿಸಿದ ಪಂಡಿತರಲ್ಲಿ ಯಾರೂ ಇದನ್ನು ಊಹಿಸಿರಲಿಲ್ಲ. ಓನ್ನೆಸ್ ಅವರೂ ಊಹಿಸಿರಲಿಲ್ಲ. ಅತಿವಾಹಕತೆ ಹೀಗೆ ಜಗತ್ತಿಗೆ ತಿಳಿಯಿತು. ಆವಿಯ ಒತ್ತಡ ನೋಡಬೇಕಾದ ಹುಡುಗ ತೂಕಡಿಸಿದ್ದರಿಂದ ಈ ಶೋಧ ಆಯಿತೆಂಬ ರಸವತ್ತಾದ ಕಥೆಯೊಂದು ಪ್ರಚಾರದಲ್ಲಿದೆ. ಪ್ರಯೋಗದ ದಿನಚರಿ ಪುಸ್ತಕಗಳನ್ನು ಪರಿಶೀಲಿಸಿದ ಇತಿಹಾಸಕಾರರು ಅಲ್ಲಿ ಕಂಡದ್ದು ತೂಕಡಿಕೆಯನ್ನಲ್ಲ, ಗಂಟೆ ಗಂಟೆಯ ಎಚ್ಚರದ ಅಳತೆಯನ್ನು.

1913ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ದ್ರವ ಹೀಲಿಯಮ್ಮಿಗೆ ದಾರಿ ಮಾಡಿದ, ಅತಿ ಶೈತ್ಯದಲ್ಲಿ ವಸ್ತುಗಳ ಗುಣಗಳ ಸಂಶೋಧನೆಗಾಗಿ ಆ ಗೌರವ. ಅತಿವಾಹಕತೆಯ ಪೂರ್ಣ ಬೆಲೆ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಶೋಧದ ಲೇಖನಗಳ ಶಿರದಲ್ಲಿ ಇದ್ದದ್ದು ಓನ್ನೆಸ್ ಅವರ ಹೆಸರೊಂದೇ. ಅಳತೆಯನ್ನು ಕಣ್ಣಾರೆ ಕಂಡ ಹೋಲ್ಸ್ಟ್ ಅವರ ಹೆಸರು ಲೇಖಕರ ಸ್ಥಾನದಲ್ಲಿ ಬರಲಿಲ್ಲ. ಸಹಾಯಕರನ್ನು ಲೇಖನದ ಒಳಗೆ ವಂದಿಸಿ ಬಿಡುವುದು ಆ ಕಾಲದ ಪದ್ಧತಿಯಾಗಿತ್ತು. ಓನ್ನೆಸ್ ಅವರು ಶಿಸ್ತಿನ ಯಜಮಾನರು. ಪ್ರಯೋಗಾಲಯದಲ್ಲಿ ಅವರ ಮಾತೇ ಕೊನೆಯದು. ಹೋಲ್ಸ್ಟ್ ಅವರು ಮುಂದೆ ಫಿಲಿಪ್ಸ್ ಕಂಪನಿಯ ಸಂಶೋಧನಾಲಯದ ಮೊದಲ ನಿರ್ದೇಶಕರಾಗಿ ಕೀರ್ತಿವಂತರಾದರು ಎಂಬುದು ನಿಜ. ಆದರೂ ಇಂಥ ದೊಡ್ಡವರ ಚರಿತ್ರೆಯನ್ನು ಮಕ್ಕಳಿಗೆ ಹೇಳುವಾಗ ಈ ಭಾಗವನ್ನೂ ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಪಾದರಸದ ನಂತರ ತವರ, ಸೀಸಗಳೂ ಅತಿವಾಹಕಗಳೆಂದು ಗೊತ್ತಾಯಿತು. 1914ರಲ್ಲಿ ಸೀಸದ ತಂತಿಯ ಸುರುಳಿಯೊಂದರಲ್ಲಿ ವಿದ್ಯುತ್ ಹರಿಯಿಸಿ ಬ್ಯಾಟರಿಯನ್ನು ಬೇರ್ಪಡಿಸಿದರು. ಗಂಟೆಗಳು ಕಳೆದರೂ ವಿದ್ಯುತ್ ಸುತ್ತುತ್ತಲೇ ಇತ್ತು. ಹತ್ತಿರವಿಟ್ಟ ದಿಕ್ಸೂಚಿಯ ಮುಳ್ಳು ತಿರುಗಿ ನಿಂತೇ ಇತ್ತು. ಇಂಥ ಸುರುಳಿಗಳಿಂದ ಕಬ್ಬಿಣವಿಲ್ಲದೆಯೇ ಅತ್ಯಂತ ಬಲವಾದ ವಿದ್ಯುತ್ಕಾಂತವನ್ನು ಮಾಡಬಹುದೆಂದು ಓನ್ನೆಸ್ ಅವರು ಕನಸು ಕಂಡಿದ್ದರು. ಆದರೆ ವಿದ್ಯುತ್ತು ಒಂದು ಮಿತಿಯನ್ನು ದಾಟಿದರೆ, ಅಥವಾ ಕಾಂತಕ್ಷೇತ್ರ ಬಲವಾದರೆ, ಅತಿವಾಹಕತೆ ಅಳಿದುಹೋಗುತ್ತದೆಂದು ಅವರ ಅಳತೆಗಳೇ ತೋರಿಸಿದವು. ಕಾಂತವನ್ನು ಮಾಡಹೊರಟರೆ ಕಾಂತವೇ ಅದಕ್ಕೆ ಶತ್ರು. ತಮ್ಮ ಕನಸನ್ನು ಮುರಿದ ಆ ಅಂಕಿಗಳನ್ನೂ ಅವರು ಗೆಲುವಿನ ಅಂಕಿಗಳಷ್ಟೇ ಶ್ರದ್ಧೆಯಿಂದ ಬರೆದು ಪ್ರಕಟಿಸಿದರು. ನನ್ನ ಶಿಷ್ಯನಿಗೆ ಹೇಳಲು ನಾನು ಹುಡುಕುತ್ತಿದ್ದ ಉತ್ತರ ಇದೇ.

ಆ ಕನಸು ಮುಂದೆ ಬೇರೆ ಲೋಹಗಳಿಂದ ನನಸಾಯಿತು. ಇಂದು ನಮ್ಮವರು ಎಂ.ಆರ್.ಐ. ತಪಾಸಣೆಗೆಂದು ಮಲಗುವ ಆ ದೊಡ್ಡ ಕೊಳವೆಯಂಥ ಯಂತ್ರಗಳಲ್ಲಿ ಹೆಚ್ಚಿನವುಗಳ ಒಳಗೆ ನಿಯೋಬಿಯಂ ಮತ್ತು ಟೈಟಾನಿಯಂ ಕೂಡಿದ ತಂತಿಯ ಸುರುಳಿ ಇರುತ್ತದೆ. ದ್ರವ ಹೀಲಿಯಮ್ಮಿನ ತಂಪಿನಲ್ಲಿ ಅದು ರೋಧವಿಲ್ಲದೆ ವಿದ್ಯುತ್ತನ್ನು ಸುತ್ತಿಸುತ್ತಿರುತ್ತದೆ. ಜಮಖಂಡಿಯ ಆಕಾಶದಲ್ಲಿ ಹೊಳೆದ ಧಾತುವೂ, ಲೈಡನ್ನಿನಲ್ಲಿ ಕಂಡ ಗುಣವೂ ಅಲ್ಲಿ ಒಂದುಗೂಡಿವೆ.

ಓನ್ನೆಸ್ ಅವರ ಶರೀರ ಬಲವಾದುದಲ್ಲ. ಶ್ವಾಸಕೋಶದ ತೊಂದರೆ ಅವರನ್ನು ಬಹುಕಾಲ ಕಾಡಿತು. 1887ರಲ್ಲಿ ವಿವಾಹವಾದ ಪತ್ನಿ ಮನೆಯನ್ನೂ, ದೇಶವಿದೇಶದ ಅತಿಥಿಗಳನ್ನೂ ನೋಡಿಕೊಂಡು ಅವರ ಆರೋಗ್ಯವನ್ನೂ ಕಾಪಾಡಿದರು. ಅವರಿಗೆ ಒಬ್ಬನೇ ಮಗ. ಮೊದಲನೆಯ ಮಹಾಯುದ್ಧದ ಕಾಲದಲ್ಲಿಯೂ ಅನಂತರವೂ ಹಗೆತನದಿಂದ ದೂರವಾದ ದೇಶಗಳ ವಿಜ್ಞಾನಿಗಳನ್ನು ಮತ್ತೆ ಹತ್ತಿರ ತರಲು ಅವರು ದುಡಿದರು. ಹಸಿದ ಮಕ್ಕಳಿಗೆ ಅನ್ನ ಮುಟ್ಟಿಸುವ ಕೆಲಸದಲ್ಲಿಯೂ ತೊಡಗಿದರು. 1922ರಲ್ಲಿ ಹೀಲಿಯಮ್ಮಿನ ಆವಿಯನ್ನು ಎಳೆದೆಳೆದು, ನಿರಪೇಕ್ಷ ಶೂನ್ಯಕ್ಕೆ ಒಂದು ಡಿಗ್ರಿಗಿಂತಲೂ ಸಮೀಪ ಹೋದರು. ಹೀಲಿಯಮ್ಮನ್ನು ಗಟ್ಟಿಮಾಡಬೇಕೆಂಬ ಆಸೆ ಮಾತ್ರ ಈಡೇರಲಿಲ್ಲ. 1926ರ ಫೆಬ್ರವರಿ 21ರಂದು ಲೈಡನ್ನಿನಲ್ಲಿ ಅವರು ಕಣ್ಣು ಮುಚ್ಚಿದರು. ಅದೇ ವರ್ಷ ಅವರ ಶಿಷ್ಯ ಕೀಸಮ್ ಅವರು ಅದೇ ಪ್ರಯೋಗಾಲಯದಲ್ಲಿ ಹೀಲಿಯಮ್ಮನ್ನು ಗಟ್ಟಿಮಾಡಿ ಗುರುವಿನ ಆಸೆಯನ್ನು ಪೂರೈಸಿದರು.

ಇನ್ನು ತಾಮ್ರದ ಚಾದರಕ್ಕೆ ಮರಳೋಣ. ಓನ್ನೆಸ್ ಅವರ ನಂತರ ಅರವತ್ತು ವರ್ಷ ಎಷ್ಟು ಹುಡುಕಿದರೂ ನಿರಪೇಕ್ಷ ಶೂನ್ಯಕ್ಕಿಂತ 23 ಡಿಗ್ರಿ ಮೇಲಕ್ಕೆ ಅತಿವಾಹಕತೆ ಏರಿರಲಿಲ್ಲ. 1986ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಅವರು, ಯಾರೂ ಎಣಿಸದ ಕಡೆ, ಲ್ಯಾಂಥನಮ್ ಬೇರಿಯಂ ಕೂಡಿದ ತಾಮ್ರದ ಆಕ್ಸೈಡಿನಲ್ಲಿ, 30 ಡಿಗ್ರಿಗೂ ಮೇಲೆ ಅದನ್ನು ಕಂಡರು. 1987ರಲ್ಲಿ ಅಮೆರಿಕೆಯಲ್ಲಿ ಯಿಟ್ರಿಯಂ ಕೂಡಿದ ಆಕ್ಸೈಡಿನಲ್ಲಿ ಅದು 90 ಡಿಗ್ರಿಯನ್ನು ದಾಟಿತು. ಇದಕ್ಕೆ ಹೀಲಿಯಂ ಬೇಡ, ಅಗ್ಗದ ದ್ರವ ನೈಟ್ರೋಜನ್ ಸಾಕು. ನಮಗೆ ಅಭಿಮಾನದ ಸಂಗತಿಯೆಂದರೆ, ಬೆಂಗಳೂರಿನವರೇ ಆದ ಪ್ರೊ. ಸಿ. ಎನ್. ಆರ್. ರಾವ್ ಅವರು ಈ ಬಗೆಯ ಪದರಾಕ್ಸೈಡುಗಳ ಗುಣಗಳನ್ನು 1970ರ ದಶಕದಲ್ಲಿಯೇ ಅಭ್ಯಸಿಸಿದ್ದರು. 1987ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅವರ ತಂಡ ಈ ಹೊಸ ಅತಿವಾಹಕಗಳನ್ನು ಬೆಂಗಳೂರಿನಲ್ಲಿಯೇ ಸಿದ್ಧಪಡಿಸಿ ಅಳೆಯಿತು.

ಬೆರಕೆಯಿಲ್ಲದ ಲ್ಯಾಂಥನಮ್ ತಾಮ್ರದ ಆಕ್ಸೈಡಿನಲ್ಲಿ ಪ್ರತಿಯೊಂದು ತಾಮ್ರದ ಪರಮಾಣುವೂ ಒಂದು ಪುಟ್ಟ ಕಾಂತ. ನೆರೆಹೊರೆಯ ಕಾಂತಗಳು ಒಂದು ಮೇಲೆ, ಒಂದು ಕೆಳಗೆ ಎಂಬಂತೆ ವಿರುದ್ಧ ದಿಕ್ಕಿಗೆ ಮುಖಮಾಡಿ ನಿಂತಿರುತ್ತವೆ. ಆ ಸ್ಥಿತಿಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಲ್ಯಾಂಥನಮ್ಮಿನ ಸ್ಥಾನದಲ್ಲಿ ಸ್ವಲ್ಪ ಬೇರಿಯಮ್ಮನ್ನೋ ಸ್ಟ್ರಾನ್ಷಿಯಮ್ಮನ್ನೋ ಇಟ್ಟರೆ ಪದರಿನಿಂದ ಕೆಲವು ಇಲೆಕ್ಟ್ರಾನುಗಳು ಕಡಿಮೆಯಾಗಿ, ಆ ಕಾಂತಗಳ ಸಾಲು ಮುರಿದು, ವಿದ್ಯುತ್ತಿಗೆ ದಾರಿ ತೆರೆಯುತ್ತದೆ. ಕೋಬಾಲ್ಟ್ ಇದಕ್ಕೆ ಎದುರಾಗಿ ಕೆಲಸ ಮಾಡುತ್ತದೆ. ಯಿಟ್ರಿಯಂ ಆಕ್ಸೈಡಿನಲ್ಲಿ ಅದು ಹೆಚ್ಚಾಗಿ ತಾಮ್ರದ ಪದರಿನೊಳಗೆ ಹೋಗದೆ, ಪದರುಗಳ ನಡುವೆ ಇರುವ ತಾಮ್ರದ ಸರಪಳಿಗಳಲ್ಲಿ ಕೂಡುತ್ತದೆ. ತನ್ನೊಡನೆ ಹೆಚ್ಚಿನ ಆಕ್ಸಿಜನ್ನನ್ನೂ ಎಳೆದುಕೊಳ್ಳುತ್ತದೆ. ಅಲ್ಲಿ ಕುಳಿತೇ ಪದರಿನ ವಿದ್ಯುದ್ವಾಹಕಗಳನ್ನು ಕಡಿಮೆ ಮಾಡುತ್ತದೆ. ರೋಧ ಏರುತ್ತದೆ, ಅತಿವಾಹಕತೆಯ ಉಷ್ಣತೆ ಇಳಿಯುತ್ತದೆ, ಕೊನೆಗೆ ಇಲ್ಲವಾಗುತ್ತದೆ. ಹೀಗೆ ಕೆಡಿಸಿ ನೋಡಿದ್ದರಿಂದಲೇ ಯಾವ ತಾಮ್ರ ಏನು ಕೆಲಸ ಮಾಡುತ್ತದೆ, ಸರಪಳಿಯಿಂದ ಪದರಿಗೆ ಏನು ಸಲ್ಲುತ್ತದೆ ಎಂಬುದು ತಿಳಿಯಿತು. ಮಗ್ಗದ ಒಂದು ಎಳೆಯನ್ನು ತೆಗೆದು ನೋಡಿದಾಗಲೇ ಅದು ಏನನ್ನು ಹಿಡಿದಿತ್ತೆಂದು ಗೊತ್ತಾಗುವುದು. 2003ರಲ್ಲಿ ಜಪಾನಿನವರು ಕೋಬಾಲ್ಟಿನದೇ ಪದರುಗಳಿರುವ, ನಡುವೆ ಸೋಡಿಯಂ ಮತ್ತು ನೀರು ಸೇರಿದ ಆಕ್ಸೈಡಿನಲ್ಲಿ ಸುಮಾರು 5 ಡಿಗ್ರಿಯಲ್ಲಿ ಅತಿವಾಹಕತೆಯನ್ನು ಕಂಡರು. ಒಂದು ಕಡೆ ಕೆಡಿಸಿದ್ದು ಇನ್ನೊಂದು ಕಡೆ ತಾನೇ ಕಟ್ಟಿತು.

ಇದನ್ನೆಲ್ಲ ನಾನು ಓದಿ ತಿಳಿದು ಆ ಹುಡುಗನಿಗೆ ಪತ್ರ ಬರೆದೆ. ನನ್ನ ಪತ್ರದಿಂದಲೋ, ತನ್ನ ಸ್ವಂತ ಛಲದಿಂದಲೋ, ಅವನು ಕೆಲಸ ಬಿಡಲಿಲ್ಲ. ಪ್ರಬಂಧವನ್ನು ಮುಗಿಸಿ ಈಗ ಒಂದು ಕಾಲೇಜಿನಲ್ಲಿ ಕಲಿಸುತ್ತಿದ್ದಾನೆ.

ಕೊನೆಯದಾಗಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಗಿಸುತ್ತೇನೆ. ನಾನು ಮುಖ್ಯಾಧ್ಯಾಪಕನಾಗಿದ್ದಾಗ ನಮ್ಮ ಮಕ್ಕಳು ಮಾಡಿದ ವಿದ್ಯುತ್ಕಾಂತದ ಮಾದರಿಗೆ ವಿಜ್ಞಾನ ಪ್ರದರ್ಶನದಲ್ಲಿ ಬಹುಮಾನ ಬಂದಿತ್ತು. ವೇದಿಕೆಯ ಮೇಲೆ ಚೆನ್ನಾಗಿ ಮಾತನಾಡಿದ ಹುಡುಗನ ಹೆಸರನ್ನೂ ಮಾರ್ಗದರ್ಶಕನೆಂದು ನನ್ನ ಹೆಸರನ್ನೂ ಶಾಲೆಯ ಫಲಕದಲ್ಲಿ ಬರೆಯಿಸಿದೆ. ಮನೆಯ ಮಗ್ಗದ ಕೆಲಸ ಮುಗಿಸಿಕೊಂಡು ಬಂದು, ರಾತ್ರಿ ಕುಳಿತು ಆ ಸುರುಳಿಯನ್ನು ಎಳೆ ಎಳೆಯಾಗಿ ಸುತ್ತಿದ ಹುಡುಗ ಬೇರೊಬ್ಬ. ಅವನು ಮಾತಿನಲ್ಲಿ ಹಿಂದೆ, ಅಂಕಗಳಲ್ಲಿಯೂ ಹಿಂದೆ. ಅವನ ಹೆಸರನ್ನು ಬರೆಯಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೋಲ್ಸ್ಟ್ ಅವರ ಕಥೆಯನ್ನು ಓದಿದ ದಿನ ಆ ಹುಡುಗನ ಮುಖ ಕಣ್ಣ ಮುಂದೆ ಬಂದಿತು. ಈ ಮಹೋತ್ಸವಕ್ಕೆ ಅವನೂ ಬಂದಿದ್ದರೆ, ಈ ಮಾತು ತನ್ನದೇ ಎಂದು ಅವನಿಗೆ ತಿಳಿಯುತ್ತದೆ. ಅವನು ನನ್ನನ್ನು ಕ್ಷಮಿಸಲಿ. ಆ ಫಲಕದಲ್ಲಿ ಅವನ ಹೆಸರನ್ನೂ ಸೇರಿಸಬೇಕೆಂದು ಈಗಿನ ಮುಖ್ಯಾಧ್ಯಾಪಕರಲ್ಲಿ ವಿನಂತಿಸಿದ್ದೇನೆ, ಅವರು ಒಪ್ಪಿದ್ದಾರೆ.

ಗಡಿಯ ಈ ಊರಿನಲ್ಲಿ ಕನ್ನಡದಲ್ಲಿ ಕಲಿಯುವ ಮಕ್ಕಳು ಇಂದಿಗೂ ಇದ್ದಾರೆ. ಅವರಲ್ಲಿ ಬರೆಯುವ ಕೈಗಳೂ ಇವೆ, ಬೆಸೆಯುವ ಕೈಗಳೂ ಇವೆ. ಎರಡು ಬಗೆಯ ಕೈಗಳಿಗೂ ನಮ್ಮ ಶಾಲೆಯಲ್ಲಿ ಸಮಾನ ಗೌರವ ದೊರೆಯಲಿ, ಶತಮಾನೋತ್ಸವವನ್ನೂ ಅದು ಕಾಣಲಿ ಎಂದು ಹಾರೈಸುತ್ತೇನೆ.